ಕೊಂಡ್ಲಹಳ್ಳಿ ಮಾಳಿಗೆಯ ಕೆಂಪು ಪದರ

ನಿವೃತ್ತಿಯಾದ ಮೇಲೆ ಚಳ್ಳಕೆರೆಯ ನಮ್ಮ ಮನೆಗೆ ಆಗಾಗ ಹುಡುಗ ಹುಡುಗಿಯರು ಬರುತ್ತಾರೆ. ಭೂವಿಜ್ಞಾನ ಓದಿ ನಾನು ಮಾಡುತ್ತಿದ್ದ ಕೆಲಸಕ್ಕೇ ಸೇರಿದವರು, ಇಲ್ಲವೇ ಸೇರಬೇಕೆಂದಿರುವವರು. ಕಾಫಿ ಕುಡಿಯುತ್ತಾ "ಮೇಡಂ, ಈ ಕೆಲಸ ನಿಜಕ್ಕೂ ಹೇಗಿರುತ್ತೆ?" ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ "ಯಾವಾಗ ಪ್ರಮೋಷನ್ ಆಯ್ತು ಮೇಡಂ?" ಎಂದು ಇನ್ನೊಂದು ಕೇಳಿಬಿಡುತ್ತಾರೆ. ಆಗಬೇಕಾದಾಗ ಆಯಿತು, ಆಗಬಾರದವರಿಗೂ ಆಯಿತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಹೇಳುವಂಥದ್ದು ಕೊಂಡ್ಲಹಳ್ಳಿಯ ಒಂದು ಮನೆಯ ಮಾಳಿಗೆಯ ವಿಷಯ. ನಮ್ಮ ಲ್ಯಾಬಿನವರೊಬ್ಬರ ಮಾತು ಕೇಳಿ ಆ ಮನೆಯವರು ಹೊಸ ಮನೆಯ ಪಾಯವನ್ನು ಹಾಕಬಾರದ ಜಾಗದಲ್ಲಿ ಹಾಕುವುದರಲ್ಲಿದ್ದರು. ಅದನ್ನು ಹೇಳಿದರೆ ಕೆಲಸ ಎಂಥದ್ದೆಂದು ತಾನಾಗಿಯೇ ತಿಳಿಯುತ್ತದೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಹಳೆಯ ಮಣ್ಣು, ಹೊಳೆ ಹಳ್ಳಗಳು ಹೊತ್ತು ತಂದು ಬಿಟ್ಟುಹೋದ ಹೂಳು, ಇವನ್ನು ಪದರ ಪದರವಾಗಿ ನೋಡಿ ಆ ಕಾಲದಲ್ಲಿ ಮಳೆ ಹೇಗಿತ್ತು, ಸುತ್ತ ಹುಲ್ಲಿತ್ತೋ ಕಾಡಿತ್ತೋ, ನೀರು ಎಲ್ಲಿ ನಿಲ್ಲುತ್ತಿತ್ತು ಎಂದು ಹೇಳುವುದು. ಕೇಳುವಾಗ ದೊಡ್ಡದಾಗಿ ಕೇಳಿಸುತ್ತದೆ. ಮಾಡುವಾಗ ಗುಂಡಿ ತೋಡುವುದು, ಮಣ್ಣು ಚೀಲಕ್ಕೆ ತುಂಬುವುದು, ಚೀಲ ಹೊರುವುದು, ಆಮೇಲೆ ತಿಂಗಳುಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ಕೂರುವುದು. ನಮ್ಮಪ್ಪನದು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು. ನಾನು ಮೊದಲ ಸಲ ಕೆಲಸ ಮುಗಿಸಿ ಮೈಯೆಲ್ಲ ಧೂಳಾಗಿ ಮನೆಗೆ ಬಂದಾಗ ಅವ್ವನ ಕಡೆ ತಿರುಗಿ, "ನೋಡೇ, ಇಷ್ಟು ಓದ್ಸಿದ್ದು ಮಣ್ಣು ಹೊರಾಕೆ" ಎಂದಿದ್ದರು. ಅವ್ವ, "ಎಣ್ಣೆ ಮೆತ್ಕೊಳ್ಳೋದಕ್ಕಿಂತ ಮಣ್ಣೇ ವಾಸಿ, ತೊಳೆದ್ರೆ ಹೋಗ್ತೈತೆ" ಎಂದು ನನ್ನ ಪರ ನಿಂತಳು.

ಗುಂಡಿ ತೋಡುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ, ಅದರಲ್ಲೂ ನಮ್ಮ ಸೀಮೆಯಲ್ಲಿ. ಇಲ್ಲಿ ಯಾರು ನೆಲ ತೋಡಿದರೂ ನಿಧಿಗೇ ತೋಡುವುದು ಎಂಬುದು ಜನರ ತೀರ್ಮಾನ. ನನ್ನಿವಾಳದ ಹತ್ತಿರ ಒಂದು ಹಳ್ಳದ ದಂಡೆ ಕೆರೆದು ನಿಂತಿದ್ದಾಗ ಊರಿನ ಹಿರಿಯರೊಬ್ಬರು ಬೆಳಗಿನಿಂದ ಸಂಜೆಯವರೆಗೆ ಕದಲದೆ ಕೂತು ನೋಡಿದರು. ನಾವು ಮಣ್ಣಿನ ಪುಟ್ಟ ಪುಟ್ಟ ಚೀಲಗಳನ್ನು ಜೀಪಿಗೆ ಹಾಕಿದೆವು. "ಅಷ್ಟೇನಾ?" ಎಂದರು. "ಅಷ್ಟೇ ಯಜಮಾನ್ರೇ." ಅವರು ಒಂದು ಚೀಲ ಬಿಚ್ಚಿಸಿ ಮೂಸಿ ನೋಡಿ, "ಪಾಪ, ಏನೂ ಸಿಗ್ಲಿಲ್ಲ ಇವರಿಗೆ" ಎಂದು ನಿಜವಾಗಿಯೂ ಮರುಗಿ, ಮನೆಗೆ ಕರೆದು ಮಜ್ಜಿಗೆ ಕೊಡಿಸಿದರು.

ಇನ್ನು ನಮ್ಮ ಮೇಲಿನವರು, ವಾಸುದೇವ ಸರ್. ನಾನು ಕಂಡವರಲ್ಲಿ ಅವರಷ್ಟು ಕುತೂಹಲದವರು ಇಲ್ಲ, ಅವರಷ್ಟು ಅವಸರದವರೂ ಇಲ್ಲ. ಯಾವ ಮಣ್ಣು ಸಿಕ್ಕರೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಿನಲ್ಲಿ ಅಗಿಯುತ್ತಿದ್ದರು. ಹಲ್ಲಿಗೆ ಕರಕರ ಎಂದರೆ ಮರಳು, ಸಣ್ಣಗೆ ಜುಮ್ಮೆಂದರೆ ಹೂಳು, ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಇದು ನಮ್ಮ ಕಸುಬಿನಲ್ಲಿ ಹಿಂದಿನಿಂದ ಬಂದ ಪರೀಕ್ಷೆಯೇ, ಅವರ ಹುಚ್ಚಲ್ಲ. ಆದರೆ ಅವರು ಅದನ್ನು ಮಾಡುತ್ತಿದ್ದ ರೀತಿ ನೋಡಿದರೆ ಮದುವೆ ಮನೆಯಲ್ಲಿ ಸಾರಿನ ರುಚಿ ನೋಡುವ ಅಡುಗೆ ಭಟ್ಟರ ನೆನಪಾಗುತ್ತಿತ್ತು. ಅಗಿದು, ಉಗಿದು, ತೀರ್ಪು ಕೊಡುತ್ತಿದ್ದರು. ಹತ್ತರಲ್ಲಿ ಎಂಟೊಂಬತ್ತು ತೀರ್ಪು ಸರಿ ಇರುತ್ತಿದ್ದವು. ಉಳಿದದ್ದನ್ನು ಸರಿಮಾಡುವುದು ನಮ್ಮ ಪಾಲಿಗೆ.

ಕಾಲ ಹೋದ ಹಾಗೆ ವಿಧಾನ ಬದಲಾಯಿತು. ಮೊದಲು ಮಣ್ಣಿನ ವಯಸ್ಸು ತಿಳಿಯಬೇಕೆಂದರೆ ಅದರಲ್ಲಿ ಇದ್ದಿಲಿನ ಚೂರು ಹುಡುಕಬೇಕಿತ್ತು. ಸಿಗದಿದ್ದರೆ ಕೈ ಕೈ ಹಿಸುಕಿಕೊಳ್ಳಬೇಕಿತ್ತು. ಆಮೇಲೆ, ಮಣ್ಣಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನ ಬಂತು. ಕಬ್ಬಿಣದ ಕೊಳವೆಯನ್ನು ದಂಡೆಗೆ ಬಡಿದು, ಒಳಗೆ ತುಂಬಿದ ಮಣ್ಣಿಗೆ ಒಂದು ಚೂರೂ ಬೆಳಕು ಸೋಕದ ಹಾಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ತರಬೇಕು. ಮೊಳಕಾಲ್ಮೂರಿನಾಚೆ ಆಂಧ್ರದ ಗಡಿಯ ಚೆಕ್‌ಪೋಸ್ಟಿನಲ್ಲಿ ಒಬ್ಬ ಪೊಲೀಸಪ್ಪ ಈ ಕೊಳವೆ ಕಂಡು ಕಣ್ಣರಳಿಸಿದ. "ಏಮಮ್ಮಾ ಇದಿ?" ಎಂದ. ಮಣ್ಣು ಎಂದೆ. ಬಿಚ್ಚು ಎಂದ. ಬಿಚ್ಚಿದರೆ ಬೆಳಕು ಬಿದ್ದು ಕೆಡುತ್ತದೆ ಎಂದೆ. "ಮಣ್ಣು ಬಿಸಿಲಿಗೆ ಕೆಡ್ತೈತಾ? ಬಿಸಿಲಾಗೇ ಅಲ್ವೇನಮ್ಮ ಅದು ಬಿದ್ದಿರೋದು?" ಎಂದು ನಕ್ಕ. ಒಳಗಿನ ಮಣ್ಣು ಎಷ್ಟೋ ಕಾಲದಿಂದ ಕತ್ತಲೆಯಲ್ಲಿ ಇದೆ, ಎಷ್ಟು ಕಾಲ ಎಂದು ತಿಳಿಯುವುದೇ ಕೆಲಸ ಎಂದು ಬಿಡಿಸಿ ಹೇಳಿದ ಮೇಲೆ ಆಸಕ್ತಿ ಹುಟ್ಟಿ, ತಾನೇ ಟಾರ್ಪಾಲು ಹೊದಿಸಿ ಕಳಿಸಿದ.

ಎಡವಟ್ಟುಗಳಿಗೇನು ಕಡಿಮೆ? ಒಮ್ಮೆ ನಮ್ಮ ಲ್ಯಾಬಿನವರೊಬ್ಬರು ಬಹಳ ಹಳೆಯ ಹೂಳಿನಲ್ಲಿ ಮೆಕ್ಕೆಜೋಳದ ಪರಾಗ ಸಿಕ್ಕಿತೆಂದು ಕುಣಿದಾಡಿದರು. ಪರಾಗವೆಂದರೆ ಹೂವಿನ ಧೂಳು. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಮಣ್ಣಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಯಾವ ಗಿಡದ್ದೆಂದು ಆಕಾರ ನೋಡಿ ಹೇಳಬಹುದು. ಮೆಕ್ಕೆಜೋಳ ಈ ದೇಶಕ್ಕೆ ಬಂದದ್ದೇ ಮೊನ್ನೆ ಮೊನ್ನೆ. ವಿಚಾರಿಸಿ ನೋಡಿದರೆ, ಮಣ್ಣು ಒಣಗಲೆಂದು ಮೂರು ದಿನ ಹರವಿದ್ದು ಹೂಬಿಟ್ಟ ಮೆಕ್ಕೆಜೋಳದ ಹೊಲದ ಪಕ್ಕದ ತಾರಸಿಯ ಮೇಲೆ. ಅವತ್ತು ಎಲ್ಲರೂ ನಕ್ಕೆವು. ನನಗೆ ಮಾತ್ರ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಮಣ್ಣಿನಲ್ಲಿ ಏನಿದೆ ಎಂದು ಕೇಳುವ ಮೊದಲು, ಅದು ಅಲ್ಲಿಗೆ ಬಂದದ್ದು ಹೇಗೆ ಎಂದು ಕೇಳಬೇಕು. ಕೊಂಡ್ಲಹಳ್ಳಿಯಲ್ಲಿ ನನ್ನ ಕೈ ಹಿಡಿದದ್ದು ಈ ಪ್ರಶ್ನೆಯೇ.

ಆ ಸಲ ನಾವು ಹಳ್ಳದ ದಂಡೆಯ ಕೆಲಸಕ್ಕೆಂದು ಕೊಂಡ್ಲಹಳ್ಳಿಯ ಕಡೆ ಹೋಗಿದ್ದೆವು. ಉಗಾದಿ ಕಳೆದಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿ ಒಂದು ಬೇಸಿಗೆ ಮಳೆ ಹೊಡೆಯಿತು. ಓಡಿಹೋಗಿ ಊರ ಅಂಚಿನ ಒಂದು ಮನೆಯ ಜಗಲಿ ಹತ್ತಿದೆವು. ಹಳೆಯ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಬಂದ್ರೆ ಎಂಬ ಕುರುಚಲು ಗಿಡದ ಸೊಪ್ಪು, ಅದರ ಮೇಲೆ ಮಣ್ಣು. ಮುಂದಿನ ಒಂದು ಅಂಕಣವನ್ನು ಆಗಲೇ ಕೆಡವಿದ್ದರು. ಕೆಡವಿದ ಕಡೆ ಮಾಳಿಗೆಯ ಮಣ್ಣು ಕತ್ತರಿಸಿದ ಹಾಗೆ ನಿಂತಿತ್ತು. ಮಳೆ ನೋಡುತ್ತಾ ತಲೆ ಎತ್ತಿದವಳು ಹಾಗೇ ನೋಡುತ್ತಾ ನಿಂತುಬಿಟ್ಟೆ. ಮಣ್ಣಿನ ತುಂಬ ಗೆರೆಗಳು. ಬೂದಿ ಬಣ್ಣದ ಪದರ, ತೆಳ್ಳನೆಯ ಕಪ್ಪು ಗೆರೆ, ಮತ್ತೆ ಬೂದಿ, ಮತ್ತೆ ಕಪ್ಪು. ನಡುನಡುವೆ ಅಲ್ಲೊಂದು ಇಲ್ಲೊಂದು ಎರಡು ಬೆರಳು ದಪ್ಪದ ಕೆಂಪು ಪದರ.

"ಸರ್," ಎಂದೆ. ಅವರೂ ಅದನ್ನೇ ನೋಡುತ್ತಿದ್ದರು.

ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಮಾಳಿಗೆ ಸೋರಬಾರದೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಚೌಳು ಮಣ್ಣು ಹರವುತ್ತಾರೆ. ಚೌಳು ಎಂದರೆ ಬೆಳೆ ಬಾರದ ಉಪ್ಪುಪ್ಪಾದ ಬೂದು ಮಣ್ಣು. ಒದ್ದೆಯಾದರೆ ಉಬ್ಬಿ ತನ್ನ ಸಂದುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಒಂದು ಹನಿ ಕೆಳಗೆ ಬಿಡುವುದಿಲ್ಲ. ಒಂದು ವರ್ಷದ ಚೌಳು, ಅದರ ಮೇಲೆ ಆ ವರ್ಷದ ಧೂಳು, ಹೊಗೆಯ ಮಸಿ, ಹೊಟ್ಟು, ಪರಾಗ. ಮರುವರ್ಷ ಮತ್ತೆ ಚೌಳು. ತೊಲೆ ಕಿರುಗುಟ್ಟಿದರೆ ಒಂದಷ್ಟು ಕೆರೆದು ಇಳಿಸುತ್ತಾರೆ, ಹಾಗಾಗಿ ಎಲ್ಲ ವರ್ಷಗಳೂ ಇರುವುದಿಲ್ಲ. ಆದರೂ ಹಳ್ಳದ ದಂಡೆಯಲ್ಲಿ ನಮಗೆ ಸಿಗದಿದ್ದ ಈಚಿನ ತಲೆಮಾರುಗಳ ಕಾಲ ಇಲ್ಲಿ, ಒಂದು ಮನೆಯ ನೆತ್ತಿಯ ಮೇಲೆ, ಒಪ್ಪವಾಗಿ ಕೂತಿತ್ತು. ನಾನು ಹುಟ್ಟಿದಾಗಿನಿಂದ ಇಂಥ ಮಾಳಿಗೆಗಳ ಕೆಳಗೆ ಓಡಾಡಿದವಳು. ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಅವತ್ತಿನ ಸಂತೋಷವನ್ನು ಈಗಲೂ ನೆನೆಸಿಕೊಂಡರೆ ಮೈ ನವಿರೇಳುತ್ತದೆ.

ಮನೆಯ ಯಜಮಾನಿ ಶರಣಮ್ಮ. ಅರವತ್ತು ದಾಟಿದ ಹೆಂಗಸು, ಚುರುಕು ಕಣ್ಣು, ಅದಕ್ಕಿಂತ ಚುರುಕು ಬಾಯಿ. ಅವರ ಮಗ ರುದ್ರೇಶ ಹಿಟ್ಟಿನ ಗಿರಣಿ ಇಟ್ಟಿದ್ದ. ನಾನು ಮಾಳಿಗೆ ಹತ್ತಿ ಸ್ವಲ್ಪ ಮಣ್ಣು ತೆಗೆದುಕೊಳ್ಳಲೇ ಎಂದು ಕೇಳಿದಾಗ ಶರಣಮ್ಮ ಕೈ ಮುಗಿದುಬಿಟ್ಟರು.

"ಸ್ವಲ್ಪ ಯಾಕೆ ಮೇಡಮ್ಮಾರೇ, ಎಲ್ಲಾ ತಗಂಡೋಗ್ರಿ! ಈ ಮನೆಗೆ ಬಂದಾಗಿಂದ ವರ್ಷ ವರ್ಷ ತಲೆ ಮ್ಯಾಲೆ ಮಂಕರಿ ಹೊತ್ತು ಹೊತ್ತು ನನ್ನ ಕುತ್ಗಿ ಗಿಡ್ಡ ಆಗೈತೆ. ಆರ್‌ಸಿಸಿ ಮನೆ ಕಟ್ಟಿಸ್ತಾನೆ ನನ್ನ ಮಗ. ಇನ್ನು ಮಣ್ಣು ಹೊರಂಗಿಲ್ಲ, ಕೆರೆಯಂಗಿಲ್ಲ. ಮಳೆ ಬಂದ್ರೆ ಹೊದ್ಕೊಂಡು ಮಲಗ್ತೀನಿ."

ಹೊಸ ಮನೆ ಎಲ್ಲಿ ಎಂದೆ. ರುದ್ರೇಶ ರಸ್ತೆಯ ಕಡೆ ಕೈ ತೋರಿಸಿದ. ಆ ಮನೆಯವರು ಅಜ್ಜನ ಕಾಲದಿಂದ ಚೌಳು ತೋಡುತ್ತಾ ಬಂದ ಗುಂಡಿ, ಅವರದೇ ಜಾಗ. ಬೆಳೆ ಬಾರದ ನೆಲ, ರಸ್ತೆಗೆ ಹತ್ತಿರ, ಮುಂದೆ ಗಿರಣಿ ಇಡಬಹುದು. ಅರ್ಧ ಜಾಗವನ್ನು ಆಗಲೇ ಜೆಸಿಬಿಯಿಂದ ಮಟ್ಟ ಮಾಡಿಸಿದ್ದ. ಅವನು ಸರ್ ಕಡೆ ತಿರುಗಿ, "ಸಾರ್, ನೀವು ಭೂಮಿ ಓದಿದೋರು. ಹೇಳಿ ಮತ್ತೆ. ಅಲ್ಲಿ ನೀರು ಗೀರು ನಿಲ್ತೈತಾ?" ಎಂದ.

"ನಾ ಬಂದಾಗಿಂದ ಒಂದು ಹನಿ ನಿಂತಿದ್ದು ನೋಡಿಲ್ಲ ಬಿಡ್ರಿ" ಎಂದು ಶರಣಮ್ಮ ನಡುವೆ ಬಾಯಿ ಹಾಕಿದರು.

ಸರ್ ಅಷ್ಟರಲ್ಲಿ ಕೆಂಪು ಪದರದ ಮೇಲಿನಿಂದ ಧೂಳಿನಷ್ಟು ಮಣ್ಣು ಬೆರಳಿಗೆ ಅಂಟಿಸಿಕೊಂಡು ನೋಡುತ್ತಿದ್ದರು, ಅಗಿಯುವಷ್ಟು ಸಿಕ್ಕಿರಲಿಲ್ಲ. ಮಾಳಿಗೆಯ ಕಡೆ ಬೆರಳು ಮಾಡಿ ಹೇಳಿದರು: "ನೋಡಪ್ಪಾ, ಆ ಕೆಂಪು ಗೆರೆ ಕಾಣಿಸ್ತಿದೆಯಲ್ಲ, ಅದು ಬರಗಾಲದ ಗುರುತು. ಮಳೆ ಇಲ್ಲದೆ ಹೊಲಗಳೆಲ್ಲ ಬೋಳಾಗಿ, ಗಾಳಿಗೆ ಕೆಂಪು ಧೂಳೆದ್ದು ಬಂದು ಕೂತಿರೋದು. ಎಷ್ಟು ಸಲ ಬಂದಿದೆ ನೋಡು. ಇಷ್ಟು ಒಣ ಊರಿನ ಗುಂಡಿಯಲ್ಲಿ ನೀರು ಎಲ್ಲಿಂದ ನಿಲ್ಲಬೇಕು? ಧೈರ್ಯವಾಗಿ ಕಟ್ಟು." ರುದ್ರೇಶನ ಮುಖ ಅರಳಿತು. ಶರಣಮ್ಮ ನಮಗೆ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟರು. ಬರುವ ವಾರ ಪಾಯದ ಪೂಜೆ ಎಂದು ನಮ್ಮನ್ನೂ ಕರೆದರು. ನಾನು ಮಾಳಿಗೆಯಿಂದ ಪದರಕ್ಕೊಂದರಂತೆ ಮಣ್ಣು ತೆಗೆದು ಚೀಲಗಳಿಗೆ ಹಾಕಿಕೊಂಡೆ.

ಲ್ಯಾಬಿಗೆ ಬಂದ ಮೇಲೆ ಬೇರೆ ಕೆಲಸಗಳಿದ್ದರೂ ನನಗೆ ಆ ಚೀಲಗಳದ್ದೇ ಧ್ಯಾನ. ಮೊದಲು ಮೇಲಿನ ಪದರಗಳನ್ನು ನೋಡಿದೆ. ಮೆಕ್ಕೆಜೋಳದ ಪರಾಗ ಬೇಕಾದಷ್ಟು. ಕೆಳಗೆ ಹೋದ ಹಾಗೆ ಅದು ಮಾಯ, ಅಂದರೆ ಅವು ಈ ಬೆಳೆ ಇತ್ತಕಡೆ ಬರುವ ಮುಂಚಿನ ವರ್ಷಗಳು. ಎಲ್ಲವೂ ಕಥೆ ಹೇಳಿದ ಹಾಗೆ ಕ್ರಮವಾಗಿತ್ತು. ಆಮೇಲೆ ಕೆಂಪು ಪದರವನ್ನು ಜರಡಿಗೆ ಹಾಕಿದೆ. ಜರಡಿಯಲ್ಲಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡೆ. ರಾಗಿಕಾಳಿನಷ್ಟು, ಕೆಲವು ಜೋಳದ ಕಾಳಿನಷ್ಟು ದಪ್ಪದ ಕಲ್ಲುಗಳು. ಗಾಳಿ ಹೊತ್ತು ತರುವ ಧೂಳು ಮೈದಾಹಿಟ್ಟಿನಷ್ಟು ನುಣುಪಾಗಿರುತ್ತದೆ. ಈ ಕಲ್ಲುಗಳನ್ನು ಮಾಳಿಗೆಯ ಮೇಲಕ್ಕೆ ಎತ್ತುವ ಗಾಳಿ ಬೀಸಿದ್ದರೆ ಮಾಳಿಗೆಯೇ ಇರುತ್ತಿರಲಿಲ್ಲ.

ಹಾಗಾದರೆ ಬಂದದ್ದು ಹೇಗೆ? ಮಂಕರಿಯಲ್ಲಿ, ಯಾರದೋ ತಲೆಯ ಮೇಲೆ. ಆದರೆ ಯಾಕೆ? ಕೆಂಪು ಮಣ್ಣು ಸೋರುತ್ತದೆಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮನೆ ಪಕ್ಕದಲ್ಲೇ ಚೌಳಿನ ಗುಂಡಿ ಇಟ್ಟುಕೊಂಡವರು ಹೊಲದಿಂದ ಸೋರುವ ಮಣ್ಣನ್ನು ಯಾಕೆ ಹೊತ್ತು ತಂದು ಸುರಿದರು? ಎರಡು ದಿನ ತಲೆ ಕೆರೆದುಕೊಂಡೆ. ಊಟ ಮಾಡುವಾಗಲೂ ಅದೇ, ಬಸ್ಸಿನಲ್ಲೂ ಅದೇ. ಕೊನೆಗೆ ಕೆಂಪು ಪದರವನ್ನು ಬಿಟ್ಟು ಅದರ ಮೇಲಿನ ಚೌಳು ಪದರವನ್ನು ನೋಡೋಣ ಎಂದುಕೊಂಡೆ. ಅಲ್ಲಿತ್ತು ಉತ್ತರ. ಸಾಸಿವೆಗಿಂತ ಸಣ್ಣ ಬಸವನಹುಳುವಿನ ಚಿಪ್ಪುಗಳು, ನೀರಿನಲ್ಲಿ ಬಾಳುವಂಥವು. ಜೊತೆಗೆ ಜೊಂಡಿನ ಪರಾಗ. ಇನ್ನೊಂದು ಕೆಂಪು ಪದರದ ಮೇಲಿನ ಚೌಳನ್ನು ನೋಡಿದೆ. ಅಲ್ಲೂ ಚಿಪ್ಪು, ಅಲ್ಲೂ ಜೊಂಡು. ಬೇರೆ ಯಾವ ಚೌಳು ಪದರದಲ್ಲೂ ಇಲ್ಲ.

ಕುರ್ಚಿಯಿಂದ ಎದ್ದು ನಿಂತೆ. ಗುಂಡಿ ತುಂಬಿತ್ತು! ಹಿಂಗಾರು ಮಳೆ ಜೋರಾಗಿ ಬಂದ ವರ್ಷ ಗುಂಡಿಯಲ್ಲಿ ನೀರು ನಿಂತು ಬೇಸಿಗೆಯವರೆಗೂ ಇಂಗಿರಲಿಲ್ಲ. ನೀರಿನಡಿಯ ಚೌಳು ತೋಡಲಾಗದೆ ಆ ವರ್ಷ ಹೊಲದ ಕೆಂಪು ಮಣ್ಣು ಹೊತ್ತು ಹಾಕಿದ್ದಾರೆ. ಮರುವರ್ಷ ನೀರು ಇಳಿದ ಮೇಲೆ ತೋಡಿದ ಚೌಳಿನಲ್ಲಿ ಜೊಂಡೂ ಚಿಪ್ಪೂ ಬಂದಿವೆ. ಕೆಂಪು ಪದರ ಬರಗಾಲದ್ದಲ್ಲ. ಅದು ಭಾರೀ ಮಳೆಯದ್ದು. ಸರ್ ಹೇಳಿದ್ದಕ್ಕೆ ನೇರ ಉಲ್ಟಾ. ಒಂದು ಕ್ಷಣ ಹಿಗ್ಗಿದೆ, ಮರುಕ್ಷಣ ಶರಣಮ್ಮನ ಪಾಯದ ಪೂಜೆ ನೆನಪಾಯಿತು.

ಸರ್ ಕೋಣೆಗೆ ಹೋಗಿ ಹೇಳಿದೆ. ಅವರು ಒಪ್ಪಲಿಲ್ಲ. "ಪಾರ್ವತಿ, ಒಂದು ಮಾಳಿಗೆ ನೋಡಿಕೊಂಡು ನೀನು ಊರಿಗೆಲ್ಲ ಕೆರೆ ತೋಡಿಬಿಟ್ಟೆಯಲ್ಲಮ್ಮ" ಎಂದು ಗೇಲಿ ಮಾಡಿದರು. ನಾನು ವಾದಕ್ಕೆ ಇಳಿಯಲಿಲ್ಲ. ಕೆಂಪು ಮಣ್ಣಿನ ಚೀಲವನ್ನು ಅವರ ಮೇಜಿನ ಮೇಲಿಟ್ಟೆ. ಚೀಲ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲವೆಂದು ಗೊತ್ತಿತ್ತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಟಕ್ ಎಂದು ಸದ್ದಾಯಿತು. ಸರ್ ದವಡೆ ಹಿಡಿದುಕೊಂಡು, ಕರವಸ್ತ್ರಕ್ಕೆ ಉಗಿದು, ಕಲ್ಲನ್ನೂ ಅದರ ಪಕ್ಕದಲ್ಲಿದ್ದ ತಮ್ಮ ಹಲ್ಲಿನ ಚೂರನ್ನೂ ಬೆರಳಿನಿಂದ ಹೊರಳಿಸಿ ನೋಡಿದರು. ಆಮೇಲೆ ಅಂದರು: "ಜೀಪು ತೆಗೆಸು. ಆ ಹುಡುಗ ಪಾಯ ಹಾಕೋ ಮುಂಚೆ ಹೋಗಬೇಕು." ತಪ್ಪು ತಿಳಿದ ಮೇಲೆ ಅವರು ಒಂದು ನಿಮಿಷವೂ ಅದನ್ನು ತಬ್ಬಿಕೊಂಡು ಕೂರುತ್ತಿರಲಿಲ್ಲ. ಈ ಒಂದು ಗುಣಕ್ಕೆ ಅವರ ಉಳಿದ ಅವಸರವನ್ನೆಲ್ಲ ನಾನು ಮನ್ನಿಸಿದ್ದೇನೆ.

ನಾವು ಹೋಗುವಷ್ಟರಲ್ಲಿ ಪಾಯದ ಕಾಲುವೆ ತೋಡಿ ಮುಗಿದಿತ್ತು. ಕಲ್ಲು ಬಂದು ಬಿದ್ದಿತ್ತು. ನೀರಿನ ಡ್ರಮ್ಮುಗಳು ಸಾಲಾಗಿದ್ದವು. ಮರುದಿನ ಪೂಜೆ. ಸರ್ ನೇರವಾಗಿ ಹೇಳಿದರು, "ರುದ್ರೇಶ, ನಾನು ಅವತ್ತು ಹೇಳಿದ್ದು ತಪ್ಪು. ಇಲ್ಲಿ ನೀರು ನಿಲ್ಲುತ್ತೆ. ಇಲ್ಲಿ ಕಟ್ಟಬೇಡ."

ರುದ್ರೇಶನಿಗೆ ಸಿಟ್ಟು ಬಂದದ್ದರಲ್ಲಿ ಆಶ್ಚರ್ಯವಿಲ್ಲ. "ಏನ್ ಸಾರ್ ನೀವು? ಅವತ್ತು ಒಂದು ಹೇಳ್ತೀರಿ, ಇವತ್ತು ಒಂದು ಹೇಳ್ತೀರಿ. ನಮ್ ಮನೆ ಅಂದ್ರೆ ಆಟ ಆಗೈತಾ? ನಾ ಹುಟ್ಟಿ ಇಷ್ಟು ವರ್ಷ ಆತು, ಇಲ್ಲಿ ನೀರು ನಿಂತಿದ್ದು ಕಂಡಿಲ್ಲ. ನಮ್ಮವ್ವನೂ ಕಂಡಿಲ್ಲ. ಕೇಳ್ರಿ ಬೇಕಾದ್ರೆ."

ಶರಣಮ್ಮ ಸೆರಗು ಸರಿಮಾಡಿಕೊಳ್ಳುತ್ತಾ "ಹೂಂ ಮತ್ತೆ" ಎಂದರು. ನನ್ನ ಕಡೆ ನೋಡಲಿಲ್ಲ.

ಮಾತಿನಿಂದ ಆಗುವುದಲ್ಲ ಎನ್ನಿಸಿತು. "ಒಂದು ಕೆಲಸ ಮಾಡೋಣ ಕಣಪ್ಪ" ಎಂದೆ. "ಒಂದು ಡ್ರಮ್ಮು ನೀರು ಈ ಪಾಯದ ಕಾಲುವೆಗೆ ಹಾಕು. ಇಷ್ಟೇ ಉದ್ದ ಅಗಲದ ಗುಂಡಿ ಒಂದನ್ನ ನಿಮ್ಮ ಹಳೇ ಮನೆ ಹಿತ್ತಲಲ್ಲಿ, ಕೆಂಪು ನೆಲದಾಗೆ ತೋಡ್ಸು. ಅಲ್ಲೂ ಒಂದು ಡ್ರಮ್ಮು ಹಾಕು. ಸಂಜೆವರೆಗೂ ಕಾಯೋಣ. ಕಾಲುವೆ ನೀರು ಇಂಗಿದ್ರೆ ನಾವು ಬಾಯಿ ಮುಚ್ಕೊಂಡು ಹೋಗ್ತೀವಿ, ನೀನು ನಾಳೆ ಪೂಜೆ ಮಾಡು."

ಕೆಲಸದವರಿಗೆ ಇದು ಪಂದ್ಯದ ಹಾಗೆ ಕಂಡು ಹುರುಪು ಬಂತು. ತೋಡಿದರು, ಸುರಿದರು. ಹಿತ್ತಲ ಗುಂಡಿಯ ನೀರು ನಾವು ಊಟಕ್ಕೆ ಕೂತು ಏಳುವಷ್ಟರಲ್ಲಿ ಇರಲಿಲ್ಲ. ಕೆಸರೂ ಆರತೊಡಗಿತ್ತು. ಪಾಯದ ಕಾಲುವೆಯ ನೀರು ಹಾಗೇ ಇತ್ತು. ಬಿಸಿಲು ಇಳಿಯಿತು. ಹಾಗೇ ಇತ್ತು. ಕುರಿಗಳು ಮೇದು ಊರಿಗೆ ಮರಳುವಾಗ ಒಂದೆರಡು ಬಂದು ಬಗ್ಗಿ ಕುಡಿದವು. ಮಾಳಿಗೆಯ ಮೇಲೆ ಒಂದು ಹನಿಯನ್ನೂ ಕೆಳಗೆ ಬಿಡದ ಮಣ್ಣು, ನೆಲದಲ್ಲಿದ್ದರೂ ಬಿಡುವುದಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ರುದ್ರೇಶ ಇನ್ನೂ ಸೋಲಲಿಲ್ಲ. "ಪಾಯ ಎತ್ತರ ಮಾಡ್ಸಿದ್ರಾತು" ಎಂದು ಗೊಣಗಿದ. ಆಗ ಶರಣಮ್ಮ ಕಾಲುವೆಯ ಅಂಚಿನಲ್ಲಿ ಕೂತುಬಿಟ್ಟರು.

"ಬ್ಯಾಡ ಕಣಲೇ" ಎಂದರು. "ನನಗೆ ಗೊತ್ತಿತ್ತು."

"ಏನು ಗೊತ್ತಿತ್ತವ್ವಾ?"

"ನೀ ಹೊಟ್ಟೇಲಿದ್ದಾಗ ಈ ಗುಂಡಿ ತುಂಬಿತ್ತು. ಉಗಾದಿ ಕಳೆದ್ರೂ ಬತ್ಲಿಲ್ಲ. ಎಮ್ಮೆ ಬಂದು ಬೀಳ್ತಿದ್ವು ಇಲ್ಲಿ. ಚೌಳು ಸಿಗಲಾರದ್ದಕ್ಕೆ ನಮ್ಮತ್ತೆ ಹೊಲದಾಗಿನ ಕೆಂಪು ಮಣ್ಣು ಹೊರ್ಸಿದ್ರು. ಆ ಮಳೆಗಾಲ ಮನೆ ತುಂಬಾ ಸೋರಿಕೆ. ನಿನ್ನ ಮ್ಯಾಲೆ ಬೀಳ್ತೈತೆ ಅಂತ ತೊಟ್ಲು ಎಳ್ಕೊಂಡು ಎಳ್ಕೊಂಡು ಮನೆಯೆಲ್ಲ ತಿರುಗೀನಿ. ಹೆಂಗೆ ಮರೀತೀನಿ?"

"ಮತ್ತೆ ಯಾಕೆ ಹೇಳ್ಲಿಲ್ಲ?" ರುದ್ರೇಶನ ಧ್ವನಿ ಏರಿತು.

"ಹೇಳಿದ್ರೆ ನೀ ಮನೆ ನಿಲ್ಲಿಸ್ತಿದ್ದೆ. ಹಳೇ ಮನೆ ಕೆಡವಿ ಅಲ್ಲೇ ಕಟ್ಟಬೇಕು ಅಂದ್ರೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಅಂತಿದ್ದೆ. ಅಷ್ಟೊತ್ತಿಗೆ ನಾ ಇರ್ತೀನೋ ಇಲ್ವೋ. ಒಂದು ಮಳೆಗಾಲ ಆದ್ರೂ ಮಣ್ಣು ಹೊರದೆ ಮಲಗಬೇಕು ಅಂತ ನನಗೂ ಆಸೆ ಇರಲ್ವಾ?" ಎಂದು ನನ್ನ ಕಡೆ ತಿರುಗಿದರು. "ಈಯಮ್ಮ ಬಂದು ಮಾಳಿಗೆ ಕೆದರಿ ಎಲ್ಲಾ ಹೊರಗೆ ತೆಗೆದ್ರು. ಆ ಮಣ್ಣಿಗಾದ್ರೂ ಬಾಯಿ ಮುಚ್ಕೊಂಡಿರಾಕೆ ಆಗ್ಲಿಲ್ಲ ನೋಡು."

ಲ್ಯಾಬಿನಲ್ಲಿ ಜರಡಿ ಹಿಡಿದಾಗ ನಾನು ನೋಡಿದ್ದು ಗುಂಡಿ, ನೀರು, ಜೊಂಡು. ತೊಟ್ಟಿಲು ಎಳೆದುಕೊಂಡು ಮನೆಯೆಲ್ಲ ತಿರುಗಿದ ಹೆಂಗಸು ಆ ಎರಡು ಬೆರಳು ದಪ್ಪದ ಪದರದಲ್ಲಿ ನನಗೆ ಕಂಡಿರಲಿಲ್ಲ. ರುದ್ರೇಶ ಬಂದು ಅವ್ವನ ಪಕ್ಕ ಕೂತ. ಆಮೇಲೆ, "ಮುಂದಿನ ವರ್ಷ ಅಲ್ಲವ್ವಾ, ಈ ವರ್ಷಾನೇ. ಈ ಕಲ್ಲು ಹಂಗೇ ಆ ಕಡೆ ಸಾಗಿಸ್ತೀನಿ. ಅಲ್ಲಿವರೆಗೂ ಗಿರಣಿಯಾಗೇ ಇರಾನ. ಗಿರಣಿಗೆ ತಗಡಿನ ಸೂರೈತಲ್ಲ, ಮಣ್ಣು ಹೊರಂಗಿಲ್ಲ ನೀನು" ಎಂದ. ಶರಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಗಿರಣಿ ಸದ್ದಿಗೆ ನಿದ್ದೆ ಎಲ್ಲಿ ಬರ್ತೈತೆ" ಎಂದು ಬೈಯಲು ಶುರುಮಾಡಿದರು. ಬೈಯುವುದು ಶುರುವಾದ ಮೇಲೆ ನಮಗೆ ಉಸಿರು ಬಂತು.

ಹಳೆಯ ಮನೆ ಪೂರ್ತಿ ಕೆಡವಿದ ದಿನ ಅವರೇ ಹೇಳಿಕಳಿಸಿದರು. ಮಾಳಿಗೆಯ ಮಣ್ಣನ್ನು ಕೆಳಗಿನ ಸೊಪ್ಪಿನ ಸಮೇತ ಅಚ್ಚು ಬೆಲ್ಲದ ಹಾಗೆ ಕತ್ತರಿಸಿ ತಂದೆವು. ಅದರ ಮೇಲೆ ನಾನು ಕೆಲವು ವರ್ಷ ದುಡಿದೆ. ಕೆಂಪು ಪದರಗಳು ಒಂದೊಂದೂ ಒಂದೊಂದು ಭಾರೀ ಹಿಂಗಾರಿನದು ಎಂದು ಬರೆದೆವು. ಸರ್ ಅದನ್ನು ಯಾರಿಗೆ ವಿವರಿಸಿದರೂ ಮೊದಲು ತಮ್ಮ ಮುರಿದ ಹಲ್ಲು ತೋರಿಸುತ್ತಿದ್ದರು. 'ಬರಗಾಲ' ಎಂದು ತಾವು ಮೊದಲು ಹೇಳಿದ್ದನ್ನು ಎಲ್ಲೂ ಮುಚ್ಚಿಡಲಿಲ್ಲ. ಅವರು ಈಗಿಲ್ಲ. ನನ್ನ ಮೇಜಿನ ಮೇಲೆ ಆ ಕಲ್ಲು ಇದೆ.

ಹೋದ ಸಲ ಹಿಂಗಾರು ಯಾವ ಪರಿ ಸುರಿಯಿತೆಂದು ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ನೆನಪಿರಬೇಕು. ಉಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಶರಣಮ್ಮನ ಫೋನು. "ಮೇಡಮ್ಮಾರೇ, ಗುಂಡಿ ತುಂಬಿದ್ದು ಇನ್ನೂ ಹಂಗೇ ಐತೆ. ಬಂದು ನೋಡ್ತೀರಾ?" ಕೇಳಬೇಕೇ? ಕೆಲಸವಿಲ್ಲದ ಮುದುಕಿ, ಮೊದಲ ಬಸ್ಸಿಗೆ ಹೊರಟೆ. ರುದ್ರೇಶ ಮನೆ ಕಟ್ಟಬೇಕೆಂದಿದ್ದ ಜಾಗದಲ್ಲಿ ಎದೆಮಟ್ಟದ ನೀರು. ಅಂಚಿನಲ್ಲಿ ಜೊಂಡು ಎದ್ದಿತ್ತು. ಬಗ್ಗಿ ಕೈ ಹಾಕಿದೆ. ಕೆಸರಿನ ಜೊತೆ ಸಾಸಿವೆಗಿಂತ ಸಣ್ಣ ಚಿಪ್ಪುಗಳು ಬಂದವು. ಎಷ್ಟೋ ವರ್ಷ ಗಾಜಿನ ಕೆಳಗೆ ನೋಡಿದ್ದನ್ನು ಜೀವಂತವಾಗಿ ಅಂಗೈ ಮೇಲೆ ನೋಡಿ ನನಗೆ ಅಳು ಬಂತು, ನಗುವೂ ಬಂತು.

"ಅದು ಇರ್ಲಿ, ಇಲ್ಲಿ ಬರ್ರಿ" ಎಂದು ಶರಣಮ್ಮ ಹೊಸ ಮನೆಯ ಮೆಟ್ಟಿಲು ಹತ್ತಿಸಿದರು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ಹತ್ತಿದೆವು. ಆರ್‌ಸಿಸಿ ತಾರಸಿ, ನೆಟ್ಟಗೆ ಚೆನ್ನಾಗಿತ್ತು. ಆದರೆ ಅಡುಗೆಮನೆಯ ನೆತ್ತಿಯ ಮೇಲೆ, ಒಂದು ಮೂಲೆಯಲ್ಲಿ, ಸಿಮೆಂಟಿನ ಮೇಲೆ ಮಂಕರಿಯಷ್ಟು ಮಣ್ಣು ಹರವಿ ಅಂಗೈಯಿಂದ ತಟ್ಟಿ ಕೂರಿಸಿತ್ತು. ಬೆರಳ ಗುರುತು ಇನ್ನೂ ಮಾಸಿರಲಿಲ್ಲ. ಕೆಂಪು ಮಣ್ಣು.

"ಸೋರಿತಾ?" ಎಂದೆ.

"ಸೋರ್ದೆ ಏನು? ಸಿಮೆಂಟು ಬಿರಿದೈತೆ. ರುದ್ರೇಶ ಏನೋ ಡಬ್ಬಿ ತಂದು ಬಳೀತೀನಿ ಅಂದ. ಮಳೆಗಾಲ ಬಂದೇಬಿಡ್ತೈತೆ ಅಂತ ಕೈ ಕೇಳ್ಲಿಲ್ಲ. ಚೌಳು ತರೋಣ ಅಂದ್ರೆ ಗುಂಡೀಲಿ ನೀರು. ಅದಕ್ಕೆ ಹೊಲದ ಮಣ್ಣೇ ತಂದು ಹಾಕ್ದೆ. ನಿಲ್ಲಲ್ಲ ಅಂತ ಗೊತ್ತು ನನಗೆ."

ನಾನು ಕೂತು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಕರಕರ ಎಂದಿತು. ಶರಣಮ್ಮ ನೋಡಿ ನಗುತ್ತಾ ನನ್ನ ಪಕ್ಕದಲ್ಲೇ ಕೂತರು.

"ಮೇಡಮ್ಮಾರೇ, ನಿಮ್ಮ ಹತ್ರ ಆ ಓದೋ ಹುಡುಗ್ರು ಬರ್ತಾರಲ್ಲ, ಅವರಿಗೆ ಹೇಳಿಡ್ರಿ. ಮುಂದೆ ಯಾವಾಗನ ಬಂದು ಇದನ್ನ ನೋಡಿ ಬರಗಾಲ ಅಂತ ಬರೀಬ್ಯಾಡ್ರಿ ಅಂತ. ನಾನು ಹೊತ್ತಿದ್ದು ಅಂತ ಹೇಳ್ರಿ."

ಹೇಳಿದ್ದೇನೆ.